ಭ್ರಾಂತೇಶನಿಂದ ಕಾಂತೇಶನಿಗೆ

ಒಂದೇ ದಿನದಲ್ಲಿ ಮೂರು ಹನುಮಪ್ಪಗಳ ದರ್ಶನ ಮಾಡಿದರೆ ಪುಣ್ಯ ಎಂಬುದು ನಮ್ಮ ಕಡೆಯ ನಂಬಿಕೆ. ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ಕಾಂತೇಶ. ಶ್ರಾವಣದ ಶನಿವಾರ ಈ ಮೂರು ಊರುಗಳ ನಡುವೆ ಓಡಾಟ ಜೋರು. ಶಿಕಾರಿಪುರದವನನ್ನು ಜನ ಕರೆಯುವುದು ಹುಚ್ಚರಾಯಸ್ವಾಮಿ ಎಂದು. ಸ್ಥಳಪುರಾಣಕ್ಕೆ ಅದರದೇ ಕಾರಣಗಳಿವೆ, ಅವನ್ನು ಕೆದಕುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ದಾರಿ. ಶಿಕಾರಿಪುರ ಬಿಟ್ಟು ಕದರಮಂಡಲಗಿಗೆ ಹೊರಟವನಿಗೆ ನಡುವೆ ಸಿಗುವುದು ಶಾಂತೇಶ. ಭ್ರಾಂತಿಯಿಂದ ಕಾಂತಿಗೆ ನೇರ ಬಸ್ಸಿಲ್ಲ!

ನಾವು ಅಂದುಕೊಳ್ಳುವುದು ಇದರ ತಿರುವುಮುರುವು. ಮೊದಲು ಭ್ರಮೆ ಹರಿಯಲಿ, ನಿಜ ತಿಳಿಯಲಿ, ಆಮೇಲೆ ಮನಸ್ಸು ತಾನಾಗಿ ತಣ್ಣಗಾಗುತ್ತದೆ ಎಂದು. ಮನೆಯಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬಂದಾಗ ಉಳಿದವರೆಲ್ಲ ವಕೀಲರಾಗುವುದು ಇದೇ ಎಣಿಕೆಯಿಂದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇರುವ ಕಾಯಿಲೆ ಇದು. 1908ರಲ್ಲಿ ಇದಕ್ಕೆ ಹೆಸರಿಟ್ಟವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್. ಒಬ್ಬನೊಳಗೆ ಇಬ್ಬರು ಇರುವುದು ಎಂದು ಸಿನಿಮಾದವರು ತೋರಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ವಾದ ಏಕೆ ಸೋಲುತ್ತದೆ? ನಮ್ಮ ನ್ಯಾಯದರ್ಶನದ ತಾರ್ಕಿಕರು, ಅಂದರೆ ನೈಯಾಯಿಕರು, ಸಂಶಯ ಮತ್ತು ವಿಪರ್ಯಯಗಳನ್ನು ಬೇರೆ ಬೇರೆ ಇಟ್ಟಿದ್ದರು. ಮುಸ್ಸಂಜೆ ಹೊಲದ ಬದುವಿನಲ್ಲಿ ಏನೋ ನಿಂತಿದೆ. ಮೋಟುಮರವೋ, ಮನುಷ್ಯನೋ? ಇದು ಸಂಶಯ. ಸಂಶಯ ಬಂದವನು ಹತ್ತಿರ ಹೋಗಿ ನೋಡುತ್ತಾನೆ. ಮರವನ್ನೇ ಮನುಷ್ಯ ಎಂದು ನಿಶ್ಚಯಿಸಿಕೊಂಡದ್ದು ವಿಪರ್ಯಯ, ಆ ನಿಶ್ಚಯದಲ್ಲಿ ಹತ್ತಿರ ಹೋಗಿ ನೋಡುವ ಪ್ರಶ್ನೆಯೇ ಏಳುವುದಿಲ್ಲ. ಜರ್ಮನಿಯ ಮನೋವೈದ್ಯ ಕಾರ್ಲ್ ಯಾಸ್ಪರ್ಸ್ 1913ರಲ್ಲಿ ಮನೋರೋಗಿಯ ಭ್ರಮೆಯ ಗುರುತುಗಳನ್ನು ಬರೆದಾಗ ಮೊದಲು ಹೇಳಿದ್ದೂ ಇದನ್ನೇ: ಅಸಾಧಾರಣ ಖಚಿತತೆ, ಅನುಭವಕ್ಕಾಗಲಿ ತರ್ಕಕ್ಕಾಗಲಿ ಜಗ್ಗದಿರುವುದು. ಕಾಯಿಲೆಯವನಲ್ಲಿ ನಿಶ್ಚಯ ಕಡಿಮೆಯಾಗಿಲ್ಲ, ಅತಿಯಾಗಿದೆ.

ಆದರೆ ಈ ಮಾತು ಹೇಳಿ ಬೀಗುವ ಹಕ್ಕು ನಮಗೂ ಇಲ್ಲ. ಇನ್ನೊಂದು ದರ್ಶನದವರಾದ ಮೀಮಾಂಸಕರ ಪ್ರಕಾರ ಅರಿವು ಹುಟ್ಟುವಾಗಲೇ ತನ್ನ ಸಾಚಾತನದ ಮೊಹರು ಹೊತ್ತು ಬರುತ್ತದೆ, ಇನ್ನೊಂದು ಅರಿವು ಬಂದು ಅದನ್ನು ಕೆಡವುವ ತನಕ ನಿಲ್ಲುತ್ತದೆ. ಸ್ವತಃಪ್ರಾಮಾಣ್ಯ ಎಂದರೆ ಇದೇ. ನಾವೆಲ್ಲ ಬದುಕುವುದು ಹೀಗೆಯೇ. ಕಾಲಡಿ ನೆಲ ಇದೆಯೇ ಎಂದು ಬೆಳಿಗ್ಗೆ ಎದ್ದು ಯಾರೂ ಪರೀಕ್ಷಿಸುವುದಿಲ್ಲ. ತತ್ತ್ವಜ್ಞಾನಿ ವಿಟ್ಗೆನ್‌ಸ್ಟೈನ್ 1951ರಲ್ಲಿ ಸಾಯುವುದಕ್ಕೆ ಎರಡು ದಿನ ಮುಂಚಿನವರೆಗೂ ನಿಶ್ಚಯದ ಬಗ್ಗೆಯೇ ಟಿಪ್ಪಣಿ ಬರೆಯುತ್ತಿದ್ದ. ಕೆಲವು ನಂಬಿಕೆಗಳು ಬಾಗಿಲಿನ ಬಿಜಾಗರಿ ಇದ್ದಂತೆ, ಅವು ಅಲುಗದೆ ನಿಂತರೆ ಮಾತ್ರ ಉಳಿದ ಪ್ರಶ್ನೆಗಳು ತಿರುಗುತ್ತವೆ ಎಂಬುದು ಅವನ ಹೋಲಿಕೆ. ಬಿಜಾಗರಿಯೇ ಸಡಿಲಾದ ಬಾಗಿಲನ್ನು ಎಷ್ಟು ನೂಕಿದರೇನು?

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪ್ರಭಾಕರ ಮೀಮಾಂಸಕರ ಅಖ್ಯಾತಿವಾದ. ಕಪ್ಪೆಚಿಪ್ಪನ್ನು ಕಂಡು 'ಇದು ಬೆಳ್ಳಿ' ಎಂದವನು ತಪ್ಪಾಗಿ ಏನನ್ನೂ ಕಾಣಲಿಲ್ಲ ಎನ್ನುತ್ತಾರೆ ಇವರು. 'ಇದು' ಎಂಬುದು ಕಣ್ಣೆದುರಿನದು, 'ಬೆಳ್ಳಿ' ಎಂಬುದು ನೆನಪಿನಿಂದ ಬಂದದ್ದು. ನೆನಪು ತಾನು ನೆನಪು ಎಂಬುದನ್ನು ಮರೆಮಾಡಿಕೊಂಡು ಬಂತು, ಎರಡರ ನಡುವಿನ ಗೆರೆ ಹೊಳೆಯಲಿಲ್ಲ, ಅಷ್ಟೆ. ಈಗ ಕಿವಿಯಲ್ಲಿ ಕೇಳುವ ದನಿಗಳ ಬಗ್ಗೆ ಇಂದಿನ ವಿಜ್ಞಾನಿಗಳ ಒಂದು ವಿವರಣೆಯನ್ನು ನೋಡಿ. ನಾವು ಒಳಗೊಳಗೇ ಮಾತಾಡಿಕೊಳ್ಳುವಾಗ 'ಇದು ನನ್ನದೇ' ಎಂಬ ಗುರುತನ್ನು ಮಿದುಳು ಹಚ್ಚಿರುತ್ತದೆ. ಆ ಗುರುತು ತಪ್ಪಿದರೆ ತನ್ನದೇ ಮಾತು ಪರರ ದನಿಯಾಗಿ ಕೇಳುತ್ತದೆ. ಪ್ರಭಾಕರನಿಗೆ ಮಿದುಳಿನ ಚಿತ್ರ ಯಾರೂ ತೋರಿಸಿರಲಿಲ್ಲ, ಗಂಟು ಮಾತ್ರ ಅವನ ಕೈಗೆ ಸಿಕ್ಕಿತ್ತು.

ಗೆರೆಯನ್ನು ಮತ್ತೆ ಎಳೆಯುವುದಕ್ಕೆ ಪುರಸೊತ್ತು ಬೇಕು. ಹೆದರಿದವನಿಗೆ ಪುರಸೊತ್ತು ಎಲ್ಲಿಯದು? ಅದಕ್ಕೇ ಮೊದಲು ಸಾತೇನಹಳ್ಳಿಯ ಶಾಂತೇಶ. ಆ ಪುರಸೊತ್ತನ್ನು ಬಹುಮಟ್ಟಿಗೆ ಕೊಡುವುದು ಮಾತ್ರೆ. ಕಂಡದ್ದೆಲ್ಲ ತನ್ನನ್ನೇ ಕುರಿತದ್ದು ಎಂಬ ಬಿಗಿಯನ್ನು ಅದು ಸಡಿಲಿಸುತ್ತದೆ. ಆರಾಮಾಯಿತೆಂದು ನಡುವೆ ಬಿಟ್ಟರೆ ಕಾಯಿಲೆ ಮರಳುವುದೇ ಹೆಚ್ಚು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ದೂರವಲ್ಲ, 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಹನುಮಪ್ಪನಿಗೆ ಕಾಯಿ ಒಡೆಸುವುದಕ್ಕೂ ಇದಕ್ಕೂ ಜಗಳವಿಲ್ಲ.

ಮಾತ್ರೆಯ ಜೊತೆಗೆ ಮನೆಯವರು ಮಾಡಬಹುದಾದದ್ದೂ ಒಂದಿದೆ. ಬ್ಯಾಡಗಿ ಮೆಣಸಿನಕಾಯಿ ಅಂಗಳದಲ್ಲಿ ಒಣಗುತ್ತಿರುವ ಒಂದು ಮನೆ ಎಂದುಕೊಳ್ಳಿ. ಮಗ ಕಿಟಕಿಯ ಹತ್ತಿರ ನಿಂತಿದ್ದಾನೆ.

"ಅವ್ವಾ, ಹೊರಗ ನನ್ನ ಹೆಸರು ಹಿಡದು ಮಾತಾಡಾಕತ್ತಾರ. ಕೇಳಸ್ತೈತೇನು?"

ಕೇಳಿಸುತ್ತದೆ ಎಂದರೆ ಸುಳ್ಳು. ಎಲ್ಲಾ ನಿನ್ನ ತಲೆಯೊಳಗಿನದು ಎಂದರೆ ಜಗಳ. ತಾಯಿ ಎರಡನ್ನೂ ಬಿಡುತ್ತಾಳೆ.

"ನನಗ ಕೇಳಸವಲ್ದು. ನಿನಗ ಕೇಳಿದ್ರ ಅಂಜಿಕಿ ಆಗಿರತೈತಿ. ಬಾ, ಇಲ್ಲೆ ಕೂಡು. ಈ ಕಾಯಿ ತೊಟ್ಟು ಬಿಡಸು."

ನೈಯಾಯಿಕರು ಅರಿವಿಗೆ ಹೊರಗಿನ ಸಾಕ್ಷಿ ಕೇಳುತ್ತಾರೆ: ನೀರು ಎಂದು ತಿಳಿದದ್ದು ಬಾಯಾರಿಕೆ ತಣಿಸಬೇಕು. ಮಗ ಕೂತು ತೊಟ್ಟು ಮುರಿಯುತ್ತಾನೆ. ಸುಕ್ಕುಗಟ್ಟಿದ ಸಿಪ್ಪೆ ಚರಚರ ಎನ್ನುತ್ತದೆ, ಬೆರಳು ಸಣ್ಣಗೆ ಉರಿಯುತ್ತದೆ. ದನಿ ಇನ್ನೂ ಇದೆ, ಸ್ವಲ್ಪ ದೂರದಲ್ಲಿ. ಅಷ್ಟರಲ್ಲಿ ಘಾಟು ಎದ್ದು ಅವನಿಗೆ ಒಂದು ಸೀನು ಬರುತ್ತದೆ.

"ಘಾಟು ಐತಲ್ಲ ಅವ್ವಾ?" ಎಂದು ಕೇಳುತ್ತಾನೆ.

ಹೂಂ ಎನ್ನುವುದಕ್ಕೂ ಅವಳಿಗೆ ಆಗುವುದಿಲ್ಲ. ಸೆರಗು ಮೂಗಿಗೆ ಒತ್ತಿಕೊಂಡು ಅವಳೂ ಸೀನುತ್ತಿದ್ದಾಳೆ.