ಬೆಂಕಿಕಡ್ಡಿ ನ್ಯಾಯ

ನೀತಿಯ ಪ್ರಶ್ನೆಗಳನ್ನು ಎತ್ತುವವರು ಸಾಮಾನ್ಯವಾಗಿ ಯುದ್ಧ, ದಾನ, ಮರಣ ಮುಂತಾದ ದೊಡ್ಡ ಸಂದರ್ಭಗಳನ್ನೇ ಅರಸಿಕೊಂಡು ಹೋಗುತ್ತಾರೆ. ನನಗೆ ಅಷ್ಟು ದೂರ ನಡೆಯುವ ಶಕ್ತಿಯಿಲ್ಲ. ಬಚ್ಚಲುಮನೆಯ ಗೋಡೆಯಲ್ಲಿ ಟವೆಲು ಹಾಕುವ ಸರಳಿನ ತಿರುಪುಮೊಳೆ ಸಡಿಲವಾದಾಗ, ತೂತಿಗೆ ಎರಡು ಬೆಂಕಿಕಡ್ಡಿ ತುರುಕಿ ಬಿಗಿದುಬಿಡುವುದು ಸರಿಯೇ, ತಪ್ಪೇ? ನನ್ನ ಪ್ರಶ್ನೆ ಇಷ್ಟೆ. ಓದುಗರು ನಗಬಹುದು. ಈ ಉಪಾಯವನ್ನು ಒಮ್ಮೆಯಾದರೂ ಮಾಡದ ಗೃಹಸ್ಥ ನಮ್ಮಲ್ಲಿ ವಿರಳವಾದ್ದರಿಂದ, ನಗುವುದಕ್ಕೆ ಎಲ್ಲರಿಗೂ ಹಕ್ಕಿದೆ.

ನಾನಿರುವುದು ಶಿವಮೊಗ್ಗದ ಸವಳಂಗ ರಸ್ತೆಯ ಕಡೆ. ನವುಲೆಯ ಇಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು ಇವುಗಳ ದೆಸೆಯಿಂದ ಇಲ್ಲಿ ಬಾಡಿಗೆ ಮನೆಗಳು ಬಹಳ. ಬಾಡಿಗೆಯವರು ಬರುತ್ತಾರೆ, ಹೋಗುತ್ತಾರೆ. ಅವರು ಕೊರೆದ ತೂತುಗಳು ಮಾತ್ರ ಉಳಿಯುತ್ತವೆ. ನಾವು ಬಂದಾಗ ನಮ್ಮ ಬಚ್ಚಲಿನ ಸರಳು ಬಿಗಿಯಾಗಿಯೇ ಇತ್ತು. ಕೆಲವು ದಿನಗಳ ಮೇಲೆ, ಸ್ನಾನ ಮುಗಿಸಿ ಮಣೆಯಿಂದೇಳುವಾಗ ನನ್ನ ತಾಯಿಯವರು ಅದನ್ನು ಹಿಡಿದರು. ಸರಳು ಕೈಗೇ ಬಂತು. ಪುಣ್ಯಕ್ಕೆ ಅವರ ಇನ್ನೊಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ನೆಲದ ಮೇಲೆ ಬಿದ್ದದ್ದು ಎರಡು ಮೊಳೆ, ಕಪ್ಪಾದ ಬೆಂಕಿಕಡ್ಡಿಯ ಚೂರುಗಳು, ಮಡಿಸಿದ ಕಾಗದದ ಒಂದು ತುಂಡು.

ತೂತು ಸಡಿಲವಾಗುವುದೇಕೆಂಬುದನ್ನು ತಿಳಿಯದೆ ನ್ಯಾಯ ಹೇಳುವುದು ಸರಿಯಲ್ಲ. ಇಟ್ಟಿಗೆ ಗೋಡೆಯನ್ನು ತಿರುಪುಮೊಳೆ ತಾನಾಗಿ ಕಚ್ಚಿ ನಿಲ್ಲುವುದು ಕಷ್ಟ. ನಡುವೆ ಮೆತ್ತನೆಯದೊಂದು ಬೇಕು. ಹಿಂದಿನ ಬಡಗಿಗಳು ಉಳಿಯಿಂದ ಗೋಡೆ ಕೊರೆದು ಮರದ ಬೆಣೆ ಬಡಿಯುತ್ತಿದ್ದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗೋಡೆ ಕೆಡದ ಹಾಗೆ ವಿದ್ಯುತ್ ಸಾಮಾನು ಕೂರಿಸಬೇಕಾಗಿ ಬಂದಾಗ ಜಾನ್ ರಾಲಿಂಗ್ಸ್ ಎಂಬಾತ, 1911ರ ಸುಮಾರಿಗೆ, ಸೆಣಬಿನ ನಾರಿನ ಪುಟ್ಟ ಪ್ಲಗ್ಗನ್ನು ಮಾಡಿದ. ಜರ್ಮನಿಯ ಆರ್ಟುರ್ ಫಿಷರ್ 1958ರಲ್ಲಿ ನೈಲಾನಿನದನ್ನು ರೂಪಿಸಿದ. ಮೊಳೆ ಒಳಕ್ಕೆ ಹೋದಂತೆ ಪ್ಲಗ್ಗು ಉಬ್ಬಿ ತೂತಿನ ಮೈಯನ್ನು ಒತ್ತುತ್ತದೆ. ಭಾರವನ್ನೆಲ್ಲ ಹೊರುವುದು ಆ ಒತ್ತಡವೇ. ತೂತು ಇಟ್ಟಿಗೆಯನ್ನು ಮುಟ್ಟದೆ ಗಾರೆಯ ಪದರದಲ್ಲೇ ಮುಗಿದಿದ್ದರೆ, ಮರಳು ಹೆಚ್ಚಾದ ಗಾರೆ ದಿನದಿನದ ಎಳೆತಕ್ಕೆ ಪುಡಿಯಾಗುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಮೊಳೆ ಪ್ಲಗ್ಗನ್ನು ಕೂಡಿಕೊಂಡು ಸುಮ್ಮನೆ ಸುತ್ತುತ್ತದೆ. ಜನ ಬೈಯುವುದು ಮೊಳೆಯನ್ನು. ಭದ್ರಾವತಿಯ ನೆರೆಯಲ್ಲಿದ್ದುಕೊಂಡು ಕಬ್ಬಿಣಕ್ಕೆ ಈ ಅಪವಾದ ಹೊರಿಸಬಾರದು.

ಬೆಂಕಿಕಡ್ಡಿ ಮಾಡುವುದೇನು? ಉದುರಿಹೋದ ಗಾರೆಯ ಜಾಗವನ್ನು ತುಂಬುತ್ತದೆ. ಬಚ್ಚಲಿನ ತೇವ ಕುಡಿದು ಮೊದಮೊದಲು ಉಬ್ಬಿ ಇನ್ನಷ್ಟು ಬಿಗಿಯಾಗಲೂಬಹುದು. ಮುಂದೆ ಕೊಳೆತು ಕುಗ್ಗುತ್ತದೆ.

ಈ ವಿಷಯವನ್ನು ನನ್ನ ಮಿತ್ರರೊಬ್ಬರ ಮುಂದಿಟ್ಟೆ. ತರ್ಕ ಓದಿದವರು. ಅವರೆಂದರು: "ಅದು ಟವೆಲಿನ ಸರಳು. ಟವೆಲನ್ನು ಹೊತ್ತಿತೋ ಇಲ್ಲವೋ? ಹೊತ್ತಿತು. ನಿಮ್ಮ ತಾಯಿಯವರನ್ನು ಹೊರುತ್ತೇನೆಂದು ಅದು ಯಾವಾಗ ಮಾತು ಕೊಟ್ಟಿತ್ತು?"

ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಯಾರು ಯಾವುದನ್ನು ಎಲ್ಲಿ ಹಿಡಿದಾರು ಎಂದು ಲೆಕ್ಕ ಹಾಕುತ್ತ ಕೂತರೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಆದರೂ ಜಾರುವವನ ಕೈ ವಸ್ತುವಿನ ಹೆಸರು ಕೇಳಿ ಹಿಡಿಯುವುದಿಲ್ಲ. ಒದ್ದೆ ನೆಲದ ಮೇಲೆ, ಆಳೆತ್ತರದಲ್ಲಿ ಅಡ್ಡಲಾಗಿರುವ ಯಾವ ಸರಳೂ ಹಿಡಿಕೆಯೇ. ಬಚ್ಚಲನ್ನು ಕಂಡವರಿಗೆಲ್ಲ ಇದು ಗೊತ್ತು.

ಆದರೆ ನನಗೆ ಮುಖ್ಯವಾಗಿ ತೋರಿದ್ದು ಬೇರೆ. ಹಿಂದಿನ ಬಾಡಿಗೆಯವರು ಏನೂ ಮಾಡದೆ ಹೋಗಿದ್ದರೆ ಸರಳು ಅಲುಗಾಡುತ್ತಿತ್ತು. ಮೊದಲ ದಿನವೇ ನಾವು ಮುಟ್ಟಿ ನೋಡಿ, "ಅಮ್ಮ, ಇದನ್ನು ಹಿಡಿಯಬೇಡಿ" ಎನ್ನುತ್ತಿದ್ದೆವು. ಅಲುಗಾಟ ಗೋಡೆಯ ಮಾತು; ಅದು ನಿಜವನ್ನೇ ಹೇಳುತ್ತಿತ್ತು. ಬೆಂಕಿಕಡ್ಡಿ ಗೋಡೆಗೆ ಬಲವನ್ನೇನೂ ಕೊಡಲಿಲ್ಲ, ಅದರ ಬಾಯಿ ಕಟ್ಟಿತು. ಆದ್ದರಿಂದ ಅರೆ ರಿಪೇರಿಯನ್ನು ಸೋಮಾರಿತನದ ಜೊತೆಗೆ ಸೇರಿಸುವುದು ತಪ್ಪೆಂದು ಕಾಣುತ್ತದೆ. ಅದರ ಜಾತಿ ಸುಳ್ಳಿನದು. ಸೋಮಾರಿತನ ಅದಕ್ಕಿಂತ ಎಷ್ಟೋ ಮೇಲು. ಅಣ್ಣತಮ್ಮಂದಿರ ಆಸ್ತಿ ಜಗಳಗಳಲ್ಲಿ ಹಿರಿಯರು ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕೂರಿಸಿ "ಎಲ್ಲ ಸರಿಹೋಯಿತು" ಎನ್ನುತ್ತಾರಲ್ಲ, ಆ ಊಟದಲ್ಲೂ ನನಗೆ ಬೆಂಕಿಕಡ್ಡಿಯ ವಾಸನೆ ಬರುತ್ತದೆ. ಹೊರಗಿನವರು ಅದನ್ನು ನಂಬಿ ಹೆಣ್ಣು ಕೊಟ್ಟಿರುತ್ತಾರೆ, ಸಾಲ ಕೊಟ್ಟಿರುತ್ತಾರೆ.

ಇದೇ ರಸ್ತೆ ಹಿಡಿದು ಹೋದರೆ ಸವಳಂಗ ದಾಟಿ ಶಿಕಾರಿಪುರ. ಅಲ್ಲಿಂದ ಮುಂದೆ ಬಳ್ಳಿಗಾವಿ, ಉಡುತಡಿ, ಅಲ್ಲಮ ಮತ್ತು ಅಕ್ಕನ ನೆಲ. ಅವರ ಹನ್ನೆರಡನೆಯ ಶತಮಾನದವನೇ ನುಲಿಯ ಚಂದಯ್ಯ, ಹುಲ್ಲಿನ ಹಗ್ಗ ಹೊಸೆದು ಬದುಕಿದ ಶರಣ. ಹಗ್ಗದ ಕೆಲಸ ಎಂಥದೆಂದು ಯೋಚಿಸಿ. ಒಳಗಿನ ಎಳೆ ಹೀನವಾಗಿದ್ದರೆ ಸಂತೆಯಲ್ಲಿ ಕಾಣುವುದಿಲ್ಲ. ಬಾವಿಯಲ್ಲಿ ಕೊಡದ ಭಾರ ಬಿದ್ದಾಗಲೇ ಕಾಣುವುದು. ಕಾಯಕ ಎಂಬ ಮಾತು ಇಂಥ ಕೆಲಸ ಮಾಡಿದವರ ನಡುವೆ ಬೆಳೆಯಿತೆಂಬುದನ್ನು ನಾವು ಸಾಮಾನ್ಯವಾಗಿ ಮರೆತು ಭಾಷಣ ಮಾಡುತ್ತೇವೆ.

ಸರಿಯಾದ ರಿಪೇರಿಗೆ ಪಾಂಡಿತ್ಯವೇನೂ ಬೇಡ. ತೂತಿನ ಪುಡಿಯನ್ನು ಪೂರ್ತಿ ಊದಿ ತೆಗೆಯಬೇಕು. ಧೂಳಿನ ಮೇಲೆ ಯಾವುದೂ ಹಿಡಿಯದು. ಇಟ್ಟಿಗೆ ಸಿಕ್ಕುವವರೆಗೆ ಕೊರೆದು, 6 ಮಿಲಿಮೀಟರಿನ ಪ್ಲಗ್ಗಿದ್ದ ಕಡೆ 8 ಅಥವಾ 10ರ ಉದ್ದನೆಯದನ್ನು ಹಾಕಬೇಕು. ಅದೂ ನಿಲ್ಲದಷ್ಟು ಬಾಯಿ ಅಗಲವಾಗಿದ್ದರೆ, ಒದ್ದೆಮಾಡಿ ಸಿಮೆಂಟು ತುಂಬಿ, ಕೆಲವು ದಿನ ಮುಟ್ಟದೆ ಬಿಟ್ಟು, ಹೊಸ ಜಾಗದಲ್ಲಿ ಕೊರೆಯಬೇಕು. ನಮ್ಮಲ್ಲಿ ಮಾಡಿದ್ದು ಈ ಎರಡನೆಯದು. ಜೊತೆಗೆ ಕೈ ಹಿಡಿಯುವುದಕ್ಕೆಂದೇ ಬೇರೊಂದು ಸರಳು. ಎಲ್ಲಕ್ಕಿಂತ ಕಷ್ಟವಾದದ್ದು ಆ ಕೆಲವು ದಿನ ಕಾಯುವುದು. ಬೆಂಕಿಕಡ್ಡಿಯ ಆಕರ್ಷಣೆ ಎಲ್ಲಿದೆಯೆಂದು ಆಗ ಚೆನ್ನಾಗಿ ತಿಳಿಯಿತು.

ರಿಪೇರಿಗೆ ದುಡ್ಡಿಲ್ಲದವನು, ನಾಳೆಯೇ ಮನೆ ಬಿಡುವವನು ಏನು ಮಾಡಬೇಕೆಂದು ಮಿತ್ರರು ಬಿಡದೆ ಕೇಳಿದರು. ಸಡಿಲವಾಗಿಯೇ ಬಿಡಲಿ, ಇಲ್ಲವೇ ಸರಳನ್ನೇ ತೆಗೆದಿಡಲಿ, ಬರುವವರಿಗೆ ಒಂದು ಮಾತು ಹೇಳಿ ಹೋಗಲಿ ಎಂದೆ. "ಹೀಗೆ ತೂತುಗಳ ಪಟ್ಟಿ ಒಪ್ಪಿಸಿದರೆ ಯಾವ ಮನೆಗೂ ಪೂರಾ ಬಾಡಿಗೆ ಹುಟ್ಟುವುದಿಲ್ಲ" ಎಂದರು. ಹಾಗಾದರೆ ಕಡಿಮೆಯೇ ಹುಟ್ಟಲಿ ಎಂದೆ. ಮಿತ್ರರಿಗೆ ಎರಡು ಮನೆಗಳಿಂದ ಬಾಡಿಗೆ ಬರುತ್ತದೆ. ಮಾತು ಅಲ್ಲಿಗೆ ನಿಂತಿತು.