ಅವ್ವನ ಹರಕೆ, ನನ್ನ ಪ್ರತಿಜ್ಞೆ



ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಸಾಮಾನ್ಯವಾಗಿ ನಾವು ಒಂದು ಸುತ್ತ ತೆಗೆದುಕೊಂಡು ಅದರ ಅರ್ಥ ಬರೆಯುತ್ತೇವೆ. ಈ ಸಲ ನಾನು ಮನೆಯಲ್ಲಿ ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ, ಸುತ್ತ ನಡುವೆ ಬರುತ್ತದೆ. ಸ್ವಲ್ಪ ಉದ್ದವಾಗಿದೆ. ಕೆಲಸಕ್ಕೆ ಹೊರಟವರು ಸಂಜೆ ಓದಿ.

ಅವ್ವನಿಗೆ ಈಗ 76. ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ರಾತ್ರಿ ಊಟಕ್ಕೆ ಕೂತಿದ್ದಾಗ ಮೆಲ್ಲಗೆ ಕೇಳಿದಳು: "ಬೆಟ್ಟಕ್ಕೆ ಒಂದ್ಸಲ ಕರ್ಕೊಂಡೋಗ್ತೀಯಾ ಮಗ?"

ನಮ್ಮ ಕಡೆ ಬೆಟ್ಟ ಅಂದರೆ ಮಲೆ ಮಹದೇಶ್ವರ ಬೆಟ್ಟ. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. "ನಾನು ದೀಕ್ಷೆ ತಗೊಂಡಿರೋನು ಅಂತ ಗೊತ್ತಿಲ್ವ ಅವ್ವ? 22 ಪ್ರತಿಜ್ಞೆ ಮಾಡಿದೀನಿ. ಇನ್ನೊಂದ್ಸಲ ಈ ಮಾತು ಎತ್ತಬೇಡ" ಅಂದೆ. ಅವ್ವ "ಆಯ್ತು ಬುಡು" ಅಂದು ಮುದ್ದೆ ಮುರಿದಳು. ಅಷ್ಟೇ. ಜಗಳವಿಲ್ಲ, ಕಣ್ಣೀರಿಲ್ಲ. ಧಮ್ಮಕ್ಕೆ ಗಟ್ಟಿಯಾಗಿ ನಿಂತೆ ಅಂತ ಆ ರಾತ್ರಿ ನನಗೆ ಸಮಾಧಾನವೇ ಇತ್ತು.

ಎರಡು ವಾರ ಆದಮೇಲೆ ನನ್ನ ಹೆಂಡತಿ ಒಂದು ಮಾತು ಹೇಳಿದಳು. "ನೀವು ಕರ್ಕೊಂಡು ಹೋಗ್ಲೇಬೇಕು ಅಂತೇನೂ ಇಲ್ಲ ಕಣ್ರೀ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ಕಾರ್ಡ್ ಹಿಡ್ಕೊಂಡು ಪಕ್ಕದ ಮನೆ ಅಜ್ಜಿ ಜೊತೆ ಹೋಗಿಬಂದಿದ್ರೆ ನಿಮಗೆ ಗೊತ್ತೂ ಆಗ್ತಿರಲಿಲ್ಲ. ಆದ್ರೂ ನಿಮ್ಮನ್ನ ಕೇಳಿದ್ರು."

ಆ ಮಾತು ನನ್ನನ್ನು ಕೂರಿಸಿತು. ಶಕ್ತಿ ಯೋಜನೆ ಬಂದು ಎಷ್ಟೋ ದಿನವಾಗಿದೆ. ಅವ್ವ ಕಾದಿದ್ದು ದುಡ್ಡಿಗಲ್ಲ.

ಆ ಭಾನುವಾರ ನಮ್ಮ ಕೂಟದಲ್ಲಿ ಸಿಗಾಲೋವಾದ ಸುತ್ತದ ಓದು ಇತ್ತು. ನಿಮಗೆಲ್ಲ ಗೊತ್ತಿರುವ ಕಥೆ. ರಾಜಗೃಹದ ವೇಳುವನದಲ್ಲಿದ್ದ ಭಗವಾನರು ಬೆಳಿಗ್ಗೆ ಭಿಕ್ಷೆಗೆ ಹೊರಟಾಗ ಸಿಗಾಲ ಎಂಬ ಯುವಕ ಒದ್ದೆ ಬಟ್ಟೆ, ಒದ್ದೆ ತಲೆಯಲ್ಲಿ ನಿಂತು ಆರು ದಿಕ್ಕುಗಳಿಗೆ ಕೈ ಮುಗಿಯುತ್ತಿದ್ದ. ಈ ಸುತ್ತವನ್ನು ನಾನು ಹಿಂದೆ ಹತ್ತಾರು ಸಲ ಓದಿದ್ದೇನೆ, ಮಕ್ಕಳ ಶಿಬಿರದಲ್ಲಿ ಪಾಠವನ್ನೂ ಹೇಳಿದ್ದೇನೆ. ಪೂರ್ವ ಅಂದರೆ ತಂದೆತಾಯಿ, ದಕ್ಷಿಣ ಅಂದರೆ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು ಎಂದು ಬಾಯಿಪಾಠ ಮಾಡಿಸಿದ್ದೇನೆ. ಆದರೆ ಅದರ ಮೊದಲ ಹೆಜ್ಜೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಭಗವಾನರು ಸಿಗಾಲನಿಗೆ ಮೊದಲು ಬುದ್ಧಿ ಹೇಳಲಿಲ್ಲ. ಮೊದಲು ಕೇಳಿದರು. ಯಾಕೆ ಹೀಗೆ ಮಾಡುತ್ತಿದ್ದೀಯ ಎಂದು. ಸಾಯುವಾಗ ಅಪ್ಪ ಹೇಳಿದ ಮಾತನ್ನು ನಡೆಸುತ್ತಿದ್ದೇನೆ ಎಂದು ಅವನು ಉತ್ತರ ಕೊಟ್ಟ. ಆಮೇಲೆ ತಾನೇ ದಿಕ್ಕುಗಳ ಬೇರೆ ಅರ್ಥ ಬಂದದ್ದು.

ನಾನು ಅವ್ವನನ್ನು ಕೇಳಿರಲೇ ಇಲ್ಲ.

ಅವತ್ತು ಸಂಜೆ ಕೇಳಿದೆ. ಅವ್ವ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಬೆಟ್ಟಕ್ಕೆ ಯಾಕವ್ವ ಈಗ?" ಅಂದೆ.

"ನಂಗೊಂದು ಸಾಲ ಅದ ಕನ ಮಗ" ಅಂದಳು. "ನಿಂಗೆ ಮೂರು ವರ್ಸ ಆಗ. ಕಾಮಾಲೆ ಬಂದು ಮೈಯೆಲ್ಲ ಅರಿಶಿನ ಬಳಿದಂಗಾಗಿತ್ತು. ಉಳಿದ್ರೆ ನನ್ನ ಮುಡಿ ಕೊಡ್ತೀನಿ ಮಾದಪ್ಪ ಅಂದ್ಕಂಡಿದ್ದೆ. ಆಗ ದುಡ್ಡಿರ್ನಿಲ್ಲ. ಆಮೇಕೆ ನಿಮ್ಮಪ್ಪ ಹೋದ್ರು. ಆಮೇಕೆ ನೀನು ಬುದ್ಧನ ಕಡೆ ಹೋದೆ, ನಾ ಸುಮ್ಕಾದೆ. ಮಾತು ಕೊಟ್ಟು ನಡೆಸ್ದೆ ಸಾಯ್ಬಾರ್ದಲ್ವ?"

ಕಾಮಾಲೆ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ ಎಂದು ನನಗೆ ಗೊತ್ತು. ಊರಿಂದ ಆಸ್ಪತ್ರೆಗೆ ದಿನ ಬಿಟ್ಟು ದಿನ ನನ್ನನ್ನು ಸೊಂಟದ ಮೇಲೆ ಹೊತ್ತು ನಡೆದವಳು ಇವಳು ಎಂಬುದೂ ಗೊತ್ತು. "ನನ್ನ ಉಳಿಸಿದ್ದು ನೀನು ಅವ್ವ, ಮಾದಪ್ಪ ಅಲ್ಲ" ಅಂದೆ. ಅವಳು ನಕ್ಕಳು. "ನಾನೊಬ್ಳೇ ಹೊತ್ತಿದ್ರೆ ಆಯ್ತಿತ್ತಾ? ಕಾಲು ಬಿದ್ದೋಗಿದ್ದಾಗ ಯಾರ ಹೆಸರು ಹೇಳ್ಕಂಡು ನಡೀಲಿ?"

ಉತ್ತರ ಹೊಳೆಯಲಿಲ್ಲ. ಐವತ್ತು ವರ್ಷಕ್ಕೆ ಹತ್ತಿರದ ಒಂದು ಮಾತು. ನಾನು ಅದನ್ನು ಮೂಢನಂಬಿಕೆ ಎನ್ನುತ್ತೇನೆ, ಅವಳು ಸಾಲ ಎನ್ನುತ್ತಾಳೆ. ನಾನು ಕೊಟ್ಟ ಮಾತಿಗೆ ಪ್ರತಿಜ್ಞೆ ಎಂದು ಹೆಸರು. ಅದನ್ನು ಉಳಿಸಿಕೊಳ್ಳಲು ಅವಳು ಕೊಟ್ಟ ಮಾತನ್ನು ಮುರಿಸುತ್ತಿದ್ದೆ.

ಆದರೂ ಆಗಲೇ ಒಪ್ಪಿಕೊಳ್ಳಲಿಲ್ಲ. ಒಂದು ಸಲ ಆತುರದಲ್ಲಿ ಇಲ್ಲ ಅಂದಿದ್ದೆ, ಈಗ ಕರಗಿ ಆತುರದಲ್ಲಿ ಹೂಂ ಅನ್ನುವುದು ಬೇಡ ಅನ್ನಿಸಿತು. ಒಂದು ವಾರ ತೆಗೆದುಕೊಂಡೆ. ಅದೇ ಸಿಗಾಲೋವಾದದಲ್ಲಿ, ದಿಕ್ಕುಗಳಿಗಿಂತ ಮುಂಚೆ, ನಾಲ್ಕು ಅಗತಿಗಳ ಮಾತು ಬರುತ್ತದೆ. ಅಗತಿ ಅಂದರೆ ಹೋಗಬಾರದ ದಾರಿ. ಮನುಷ್ಯ ತಪ್ಪು ಮಾಡುವುದು ಛಂದದಿಂದ, ದೋಸದಿಂದ, ಮೋಹದಿಂದ, ಭಯದಿಂದ. ನಮ್ಮ ಮಾತಿನಲ್ಲಿ ಹೇಳುವುದಾದರೆ ನಮ್ಮವರು ಎಂಬ ಒಲವು, ಸಿಟ್ಟು, ತಿಳಿಗೇಡಿತನ, ಹೆದರಿಕೆ. ನನ್ನ "ಇಲ್ಲ" ಈ ನಾಲ್ಕರಲ್ಲಿ ಯಾವುದರಿಂದ ಹುಟ್ಟಿತ್ತು ಎಂದು ನೋಡಲು ಕೂತೆ.

ಅಲ್ಲಿ ಸಿಕ್ಕಿದ್ದು ನಾಚಿಕೆಯ ವಿಷಯ. ಆದರೂ ಬರೆಯುತ್ತೇನೆ.

ನಾನು ದೀಕ್ಷೆ ತೆಗೆದುಕೊಂಡದ್ದು 2006ರಲ್ಲಿ, ನಾಗಪುರದ ಧಮ್ಮದೀಕ್ಷೆಗೆ 50 ವರ್ಷ ತುಂಬಿದಾಗ. ಅದಾಗಿ ಐದು ವರ್ಷಕ್ಕೆ ಮನೆ ಕಟ್ಟಿದೆ. ಗೃಹಪ್ರವೇಶಕ್ಕೆ ತ್ರಿಸರಣ, ಪಂಚಶೀಲ ಸಾಕು ಎಂದುಕೊಂಡಿದ್ದವನು ಕೊನೆಯ ವಾರದಲ್ಲಿ ಗಣಹೋಮಕ್ಕೆ ಒಪ್ಪಿಕೊಂಡೆ. ಮಾವನ ಮನೆಯವರು "ಬೀದಿಯವರು ಏನಂತಾರೆ, ಇವರು ಇಂಥವರು ಅಂತ ಮೊದಲ ದಿನವೇ ಗೊತ್ತಾಗಿಹೋಗುತ್ತೆ" ಎಂದರು. ಹೊಸ ಬಡಾವಣೆ, ಸುತ್ತ ಬೇರೆ ಜಾತಿಯವರು. ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಪಂಚೆ ಉಟ್ಟು ಮಣೆಯ ಮೇಲೆ ಕೂತಿದ್ದೆ. ಈ ವಿಷಯ ನಮ್ಮ ಕೂಟದಲ್ಲಿ ಇವತ್ತಿನವರೆಗೆ ಹೇಳಿರಲಿಲ್ಲ. ಅವತ್ತು ನಾನು ನನ್ನ ಪ್ರತಿಜ್ಞೆಯನ್ನು ನಿಜವಾಗಿ ಮುರಿದೆ, ಮುರಿಸಿದ್ದು ಭಯ.

ಅವ್ವನಿಗೆ ಇಲ್ಲ ಅಂದಾಗ ನನ್ನ ತಲೆಯಲ್ಲಿ ಮೊದಲು ಬಂದ ಚಿತ್ರ ಯಾವುದು ಗೊತ್ತೇ? ಬೆಟ್ಟದಲ್ಲಿ ಯಾರಾದರೂ ನನ್ನ ಫೋಟೋ ತೆಗೆದು ಈ ಗುಂಪಿಗೇ ಹಾಕಿಬಿಟ್ಟರೆ? ಉಪಾಸಕ ಅಂತ ಭಾಷಣ ಮಾಡುವವನು ಮಾದಪ್ಪನ ಸನ್ನಿಧಿಯಲ್ಲಿ! ಧಮ್ಮ ಆಮೇಲೆ ನೆನಪಾಯಿತು. ಹೋಮಕ್ಕೆ ಹೂಂ ಅನ್ನಿಸಿದ್ದೂ, ಅವ್ವನಿಗೆ ಊಹೂಂ ಅನ್ನಿಸಿದ್ದೂ ಅದೇ ಭಯ. ಒಂದರಲ್ಲಿ ಬೀದಿಯವರ ಭಯ, ಇನ್ನೊಂದರಲ್ಲಿ ನಿಮ್ಮ ಭಯ. ಎರಡನೆಯದು ನೋಡಲು ಧಮ್ಮದಂತೆ ಕಾಣುತ್ತದೆ, ಹಾಗಾಗಿ ಹಿಡಿಯುವುದು ಕಷ್ಟ. ನಿರ್ಧಾರ ಸರಿಯೋ ತಪ್ಪೋ ಎಂದು ನಾವು ಗಂಟೆಗಟ್ಟಲೆ ವಾದ ಮಾಡುತ್ತೇವೆ, ಅದು ಎಲ್ಲಿಂದ ಬಂತು ಎಂದು ನೋಡುವುದಿಲ್ಲ. ನಾನಂತೂ ನೋಡಿರಲಿಲ್ಲ.

ಇನ್ನೊಂದೂ ಕಾಡಿತು. ಬಾಬಾಸಾಹೇಬರು ಯೇವಲೆಯಲ್ಲಿ ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದ್ದು 1935ರ ಅಕ್ಟೋಬರ್ 13. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14. ನಡುವೆ 21 ವರ್ಷ. ಬಿಡುವ ನಿರ್ಧಾರ ಅವತ್ತೇ ಆಗಿತ್ತು, ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಅಷ್ಟು ಓದು, ಅಷ್ಟು ಯೋಚನೆ. ಅವರ ಹೆಸರು ಹೇಳಿಕೊಳ್ಳುವ ನಾನು ಅವ್ವನ ಮಾತಿಗೆ ಒಂದು ತುತ್ತು ನುಂಗುವಷ್ಟು ಹೊತ್ತೂ ಯೋಚಿಸಿರಲಿಲ್ಲ.

ಮುಂದಿನ ಭಾನುವಾರ ವಿಷಯವನ್ನು ಕೂಟದಲ್ಲೇ ಇಟ್ಟೆ. ಹೋಮದ ಮಾತು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳಿದೆ. ನಮ್ಮ ಹಿರಿಯ ಮೇಷ್ಟ್ರು ನಾನು ನಿರೀಕ್ಷಿಸಿದ್ದನ್ನೇ ಕೇಳಿದರು: "ರಮಾಯಿ ಪಂಢರಪುರಕ್ಕೆ ಹೋಗಬೇಕು ಅಂದಾಗ ಬಾಬಾಸಾಹೇಬರು ಕರಕೊಂಡು ಹೋದ್ರೇನಪ್ಪ?"

ಹೋಗಲಿಲ್ಲ. ನಮಗೆಲ್ಲ ಗೊತ್ತು. ರಮಾಬಾಯಿಯವರಿಗೆ ವಿಠಲನ ದರ್ಶನದ ಆಸೆ ಇತ್ತು. ಆಗ ನಮ್ಮ ಜನ ಆ ದೇವಸ್ಥಾನದ ಒಳಗೆ ಕಾಲಿಡುವಂತಿರಲಿಲ್ಲ, ದೂರದಲ್ಲಿ ನಿಂತು ಕೈ ಮುಗಿದು ಬರಬೇಕಿತ್ತು. ನಮ್ಮನ್ನು ಹೊರಗೆ ನಿಲ್ಲಿಸುವ ಪಂಢರಪುರ ಬೇಡ, ನಮ್ಮ ಬದುಕಿನಿಂದ, ಸೇವೆಯಿಂದ ಬೇರೆಯೇ ಪಂಢರಪುರ ಕಟ್ಟೋಣ ಎಂದು ಬಾಬಾಸಾಹೇಬರು ಅವರನ್ನು ಸಮಾಧಾನ ಮಾಡಿದರು. 1935ರ ಮೇ ತಿಂಗಳಲ್ಲಿ ರಮಾಯಿ ತೀರಿಕೊಂಡರು. ಮುಂದೆ ಪಾಕಿಸ್ತಾನದ ಪ್ರಶ್ನೆ ಕುರಿತು ಬರೆದ ಪುಸ್ತಕವನ್ನು ಬಾಬಾಸಾಹೇಬರು ಅವರ ನೆನಪಿಗೇ ಅರ್ಪಿಸಿದರು.

ನಾನು ಮೇಷ್ಟ್ರಿಗೆ ಹೇಳಿದ್ದು ಇಷ್ಟು. ಬಾಬಾಸಾಹೇಬರು ಬೇಡ ಅಂದದ್ದು ಹೆಂಡತಿಗೆ ಆಗುವ ಅವಮಾನವನ್ನು. ನಾನು ಬೇಡ ಅಂದದ್ದು ನನಗೆ ಆಗಬಹುದಾದ ಅವಮಾನವನ್ನು. ಅವರು ಕೂತು ವಿವರಿಸಿದರು, ಬದಲಿಗೆ ಇನ್ನೊಂದನ್ನು ಕಟ್ಟುವ ಮಾತು ಕೊಟ್ಟರು, ಕಟ್ಟಿದರು ಕೂಡ. ನಾನು ಬಾಯಿ ಮುಚ್ಚಿಸಿ ಸಾರು ಬಡಿಸಿಕೊಂಡೆ. ಇನ್ನು ಪ್ರತಿಜ್ಞೆಗಳ ವಿಷಯ. ನಾಗಪುರದಲ್ಲಿ ಬಾಬಾಸಾಹೇಬರು ಹೇಳಿಕೊಡುತ್ತಾ ಹೋದಂತೆ ಜನ ಒಬ್ಬೊಬ್ಬರೂ ತಮ್ಮ ಬಾಯಿಂದ ಹೇಳಿದರು. ಪೂಜಿಸುವುದಿಲ್ಲ ಎನ್ನುವವನು ನಾನು, ಶ್ರಾದ್ಧ ಮಾಡುವುದಿಲ್ಲ ಎನ್ನುವವನೂ ನಾನೇ. ಅವ್ವನಿಂದ ಮಾಡಿಸುವುದಿಲ್ಲ ಎಂದು ನಾನು ಎಲ್ಲಿಯೂ ಹೇಳಿಲ್ಲ. ಅವಳು ದೀಕ್ಷೆ ತೆಗೆದುಕೊಂಡವಳಲ್ಲ. ಎಲ್ಲ ಜೀವಿಗಳ ಮೇಲೆ ಕರುಣೆ ಇಡುತ್ತೇನೆ ಎಂದು ಹೇಳಿದ್ದು ಮಾತ್ರ ಅದೇ 22ರಲ್ಲಿದೆ.

ಮೇಷ್ಟ್ರು ಒಪ್ಪಲಿಲ್ಲ. "ಇವತ್ತು ಅವ್ವ. ನಾಳೆ ಬೀಗರು. ನಾಡಿದ್ದು ಮೊಮ್ಮಗನಿಗೆ ಮುಡಿ. ಎಲ್ಲದಕ್ಕೂ ಕರುಣೆ ಅಂತ ಹೆಸರಿಟ್ಟರೆ ಹತ್ತು ವರ್ಷದಲ್ಲಿ ನಮ್ಮ ಮನೆಗಳಲ್ಲಿ ಧಮ್ಮ ಗೋಡೆಯ ಫೋಟೋ ಮಾತ್ರ ಆಗುತ್ತೆ" ಎಂದರು. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ನನ್ನ ಮನೆಯ ಹೋಮವನ್ನೂ ಅವತ್ತು ನಾನು "ಮಾವನವರ ಮನಸ್ಸು ನೋಯಬಾರದು" ಎಂದೇ ಸಮರ್ಥಿಸಿಕೊಂಡಿದ್ದೆ. ಕರುಣೆಯ ಹೆಸರಿನಲ್ಲಿ ಹೇಡಿತನ ಸಲೀಸಾಗಿ ನುಗ್ಗಿಬಿಡುತ್ತದೆ. ಎರಡನ್ನೂ ಬೇರೆ ಮಾಡುವ ಅಳತೆಗೋಲು ನನ್ನ ಹತ್ತಿರ ಇಲ್ಲ. ಹೋಮದ ದಿನ ಲಾಭ ನನಗಿತ್ತು, ಬೀದಿಯಲ್ಲಿ ಮರ್ಯಾದೆ ಸಿಕ್ಕಿತು. ಬೆಟ್ಟಕ್ಕೆ ಹೋದರೆ ನನಗೆ ಸಿಗುವುದು ನಿಮ್ಮ ಕೊಂಕು ಮಾತು ಮಾತ್ರ. ಅಷ್ಟು ವ್ಯತ್ಯಾಸ ಕಂಡಿತು. ಅದರ ಮೇಲೆಯೇ ನಿರ್ಧಾರ ಮಾಡಿದೆ.

ಮನೆಗೆ ಬಂದು ಅವ್ವನಿಗೆ ಮೊದಲೇ ಹೇಳಿದೆ: "ಕರ್ಕೊಂಡು ಹೋಗ್ತೀನಿ. ಒಳಗೆ ಬರಲ್ಲ, ಕೈ ಮುಗಿಯಲ್ಲ, ಕಾಣಿಕೆ ಹಾಕಲ್ಲ."

"ನಿನ್ನ ಕೈ ಯಾಕೆ ಬೇಕು? ನಂಗೆ ಕೈ ಇಲ್ವಾ?" ಅಂದಳು.

ಮೈಸೂರಿಂದ ನರಸೀಪುರ, ಕೊಳ್ಳೇಗಾಲ, ಹನೂರು. ಅವ್ವನಿಗೆ ಸೊನ್ನೆ ರೂಪಾಯಿ ಟಿಕೆಟ್, ನನಗೆ ದುಡ್ಡಿನ ಟಿಕೆಟ್. ಅದು ಅವಳಿಗೆ ದಾರಿಯುದ್ದಕ್ಕೂ ತಮಾಷೆ. ಕೌದಳ್ಳಿ ದಾಟಿ ತಾಳುಬೆಟ್ಟ ಬಂದಾಗ ಕಿಟಕಿಯಿಂದ ನೋಡುತ್ತಾ "ಇಲ್ಲಿಂದ ನಡ್ಕಂಡೇ ಹತ್ತೋರು ಆಗ" ಎಂದಳು. ತಿರುವುಗಳಲ್ಲಿ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ಹಿಂದಿನ ಸೀಟಿನಲ್ಲಿ ಯಾರೋ ಉಘೇ ಎಂದರೆ ಬಸ್ಸಿಗೆ ಬಸ್ಸೇ ಉಘೇ ಎನ್ನುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ. ಅವ್ವ ನನ್ನ ಕಡೆ ನೋಡಿ, ತಾನೂ ಮೆಲ್ಲಗೆ ಹೇಳಿಕೊಂಡಳು.

ಮುಡಿ ಕೊಡುವ ಜಾಗದವರೆಗೆ ಕೈ ಹಿಡಿದು ಬಿಟ್ಟುಬಂದೆ. ಆಮೇಲೆ ಹೊರಗೆ ಒಂದು ಕಟ್ಟೆಯ ಮೇಲೆ ಚೀಲ ಕಾಯುತ್ತಾ ಕೂತೆ. ಒಂದೂವರೆ ಗಂಟೆ ಆಗಿರಬೇಕು. ಜನರ ನಡುವೆ ಅವ್ವ ಬರುತ್ತಿದ್ದಾಗ ಮೊದಲು ಗುರುತೇ ಸಿಗಲಿಲ್ಲ. ಬೋಳು ತಲೆ, ಮೇಲೆಲ್ಲ ಗಂಧ. ಸೆರಗು ಹೊದ್ದುಕೊಳ್ಳಲೂ ಮರೆತಿದ್ದಳು. ವಿಹಾರದಲ್ಲಿ ನೋಡುವ ಯಾರೋ ವೃದ್ಧ ಭಿಕ್ಖುಣಿಯ ಹಾಗೆ ಕಂಡಳು. ಇದನ್ನು ಮೇಷ್ಟ್ರು ಓದಿದರೆ ಬೈಯುತ್ತಾರೆ, ಬೈಯಲಿ. ಕೈಯಲ್ಲಿ ಲಾಡು ಪ್ರಸಾದದ ಪೊಟ್ಟಣ ಇತ್ತು. ನಾನು ನೋಡಿದ್ದನ್ನು ನೋಡಿ, "ನಿಂಗಲ್ಲ. ನಿಮ್ಮಕ್ಕನ ಮಕ್ಳಿಗೆ" ಎಂದು ಚೀಲದ ತಳಕ್ಕೆ ತುರುಕಿದಳು.

ಬರುವಾಗ ಹನೂರು ದಾಟುವ ಮುಂಚೆಯೇ ನನ್ನ ಭುಜದ ಮೇಲೆ ನಿದ್ದೆ ಹೋದಳು.

ಅದಾದ ಭಾನುವಾರ ಕೂಟದಲ್ಲಿ ಹೋಗಿಬಂದದ್ದನ್ನು ಹೇಳಿದೆ. ಈ ಸಲ ಹೋಮದ ವಿಷಯವನ್ನೂ ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಅದಕ್ಕೇ ಇವತ್ತು ಇಲ್ಲಿ ಬರೆದದ್ದು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ನಾನಾಗಿದ್ದರೆ ಹೋಗ್ತಿರಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅವ್ವ ಹೆಂಗವ್ರೆ? ತಲೆಗೆ ಥಂಡಿ ಹೊಡೆದೀತು, ಟೋಪಿ ತಂದುಕೊಡು" ಎಂದರು.

ಭವತು ಸಬ್ಬ ಮಂಗಲಂ. ಜೈಭೀಮ್.