ಕಾಣದ ಕುಸಿತ

ನಾವು ನಿಂತ ನೆಲ ನಿಧಾನವಾಗಿ ತಗ್ಗುತ್ತಿದ್ದರೆ ನಮಗೆ ತಿಳಿಯುವುದೇ? ಮನೆ, ಮರ, ರಸ್ತೆ ಎಲ್ಲವೂ ಜೊತೆಯಲ್ಲೇ ಇಳಿಯುವುದರಿಂದ ತಿಳಿಯದು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹಕ್ಕೆ ತಿಳಿಯುತ್ತದೆ. ಅದು 747 ಕಿಲೋಮೀಟರ್ ಎತ್ತರದಲ್ಲಿ 12 ದಿನಗಳಿಗೊಮ್ಮೆ ಅದೇ ಸ್ಥಳದ ಮೇಲೆ ಹಾದು ರೇಡಾರ್ ಅಲೆಗಳನ್ನು ಕಳುಹಿಸುತ್ತದೆ. ಮರಳಿ ಬಂದ ಅಲೆಗಳನ್ನು ಹಿಂದಿನವುಗಳೊಡನೆ ಹೋಲಿಸಿದರೆ ಸೆಂಟಿಮೀಟರಿನಷ್ಟು ಕುಸಿತವೂ ಗೊತ್ತಾಗುತ್ತದೆ.

ಇಂಡೋನೇಷ್ಯಾದ ಕಡಲತೀರದ ಜಕಾರ್ತ ನಗರ ಹೀಗೆ ಕುಸಿಯುತ್ತಿದೆ. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದೇ ಅದಕ್ಕೆ ದೊಡ್ಡ ಕಾರಣ. ನೀರು ಹೋದಾಗ ಜೇಡಿಮಣ್ಣು ಒತ್ತಿಕೊಳ್ಳುತ್ತದೆ. ಮಳೆ ಬಂದರೂ ಪೂರ್ತಿ ಮೇಲೇಳದು. ಊರು ಮುಳುಗಲೆಂದು ಅಲ್ಲಿ ಯಾರೂ ಬಯಸಲಿಲ್ಲ. ಅವರವರಿಗೆ ಬೇಕಾದಷ್ಟು ನೀರೆತ್ತಿಕೊಂಡರು, ಅಷ್ಟೆ.

ಅರಸೀಕೆರೆ, ಬೇಲೂರು, ಹಳೇಬೀಡಿನ ನೆಲದಡಿ ಗಟ್ಟಿ ಬಂಡೆಯಿದೆ. ಅದು ಹಾಗೆ ಕುಸಿಯದು. ಆದರೆ ತೆಂಗಿನ ತೋಟಕ್ಕೆಂದು ನಾವು ಇನ್ನೂ 100 ಅಡಿ ಕೊರೆಸಿದರೆ ಪಕ್ಕದವರ ಬಾವಿ ಬತ್ತಬಹುದು. "ನಾನೊಬ್ಬ ಎತ್ತುವುದು ಎಷ್ಟು ಮಹಾ?" ಎನ್ನುತ್ತೇವೆ. ಎಲ್ಲರೂ ಸೇರಿ ಮಾಡಿದ ತಪ್ಪಿನಲ್ಲಿ ನಮ್ಮ ಪಾಲು ಚಿಕ್ಕದಿರಬಹುದು, ಇಲ್ಲವೆನ್ನಲಾಗದು.

ಮುಂದಿನ ಕೊಳವೆಬಾವಿಗೆ ಮುನ್ನ ನೆರೆಮನೆಗೆ ಹೋಗಿ. ಅವರ ಬಾವಿಯಲ್ಲಿ ಹೋದ ವರ್ಷ ನೀರೆಷ್ಟಿತ್ತು, ಈಗೆಷ್ಟಿದೆ ಎಂದು ಕೇಳಿ.